ಸ್ಪರ್ಧೆಗೆ ಮಣಿ ಸರ: ಮಾಡಿ ಗೊತ್ತಿರುವವರು ಹೇಳಿ

ಕೇಳಿದವರು, ಹಾಸನ: ಮಗಳು ಏಳನೇ ಕ್ಲಾಸು. ಶಾಲೆಯ ಕರಕುಶಲ ಸ್ಪರ್ಧೆಗೆ ಬಣ್ಣಬಣ್ಣದ ಮಣಿ ಸರ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಎಲ್ಲ ಅವಳೇ ಮಾಡಬೇಕು. ಯಾವ ಮಣಿ, ಯಾವ ದಾರ ತರಲಿ? ಬಣ್ಣ ಹೇಗೆ ಜೋಡಿಸಬೇಕು?

ಚಿಕ್ಕಮಗಳೂರಿನಿಂದ: ಅಕ್ಕಾ, ಮೊದಲು ಬಣ್ಣದ ವಿಷಯ. ಅಂಗಡಿಗೆ ಹೋದರೆ ಎಲ್ಲ ಬಣ್ಣವೂ ಬೇಕು ಅನ್ನಿಸುತ್ತದೆ. ನಾನು ಮಕ್ಕಳಿಗೆ ಮೂರೇ ಬಣ್ಣ ಆರಿಸಿಕೊಳ್ಳಿ ಅನ್ನುತ್ತೇನೆ. ಜೊತೆಗೆ ಕರಿಮಣಿಯೋ, ಚಿನ್ನದ ಬಣ್ಣದ ಸಣ್ಣ ಗುಂಡೋ ಇರಲಿ. ಕೆಂಪು, ಹಳದಿ, ಹಸಿರು ತಾಗಿಕೊಂಡೇ ಕೂತರೆ ದೂರದಿಂದ ಎಲ್ಲ ಕಲಸಿದಂತೆ ಕಾಣುತ್ತದೆ. ನಡುವೆ ಒಂದೊಂದು ಕರಿಮಣಿ ಬಂದರೆ ಮೂರೂ ಬಣ್ಣ ಬಿಡಿಬಿಡಿಯಾಗಿ ಹೊಳೆಯುತ್ತವೆ. ಬಾಯಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ, ಎರಡೂ ಥರ ಜೋಡಿಸಿ ತೋರಿಸಿ.

ಪೋಣಿಸುವ ಮೊದಲು ಪೂರ್ತಿ ಸರವನ್ನು ಟವೆಲ್ ಮೇಲೆ ಜೋಡಿಸಿಕೊಳ್ಳಲಿ, ಮಣಿ ಉರುಳುವುದಿಲ್ಲ. ನಡುವಿನ ದೊಡ್ಡ ಮಣಿಯಿಂದ ಶುರು ಮಾಡಿ ಎರಡೂ ಕಡೆಗೆ ಒಂದೇ ಥರ ಸಾಗಬೇಕು. 18 ಇಂಚಿನ ಸರಕ್ಕೆ 4 ಮಿ.ಮೀ. ಮಣಿ ಸುಮಾರು 115 ಬೇಕು. 2 ಮಿ.ಮೀ. ಆದರೆ 220 ದಾಟುತ್ತದೆ. ಸ್ವಲ್ಪ ಜಾಸ್ತಿಯೇ ತನ್ನಿ, ತೂತು ಸರಿ ಇಲ್ಲದವು ಇದ್ದೇ ಇರುತ್ತವೆ. ಪೊಟ್ಟಣದ ಮೇಲೆ 6/0, 8/0, 11/0 ಅಂತ ಇದ್ದರೆ, ನಂಬರು ದೊಡ್ಡದಾದಷ್ಟೂ ಮಣಿ ಸಣ್ಣದು. ಅವಳ ವಯಸ್ಸಿಗೆ 6/0 ಅಥವಾ 8/0 ಸಾಕು. ಒಂದೆರಡು ಮಣಿಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ. ಬಣ್ಣ ಬಿಡುವಂಥವು ಬೇಡ.

ಬೇಲೂರಿನಿಂದ: ಡಿಸೈನ್ ಬೇಕಾದರೆ ಮಗಳನ್ನು ಒಂದು ದಿನ ಇಲ್ಲಿಗೆ ಕರೆದುಕೊಂಡು ಬನ್ನಿ. ಚೆನ್ನಕೇಶವ ದೇವಸ್ಥಾನದ ಶಿಲಾಬಾಲಿಕೆಯರ ಕೊರಳು ನೋಡಲಿ. ಹಾಗೇ ಹಳೇಬೀಡಿನ ದ್ವಾರಪಾಲಕರನ್ನೂ ನೋಡಲಿ, ಅವರ ಮೈತುಂಬ ಸರವೇ. 900 ವರ್ಷ ಹಳೆಯ ಕಲ್ಲಿನಲ್ಲಿ ಒಂದೊಂದು ಮಣಿಯೂ ಬಿಡಿಸಿದಂತೆ ಕಾಣುತ್ತದೆ. ಕೊರಳಿಗೆ ಹತ್ತಿದ ಎಳೆ ಎಲ್ಲಿ, ಇಳಿಬಿದ್ದ ಎಳೆ ಎಲ್ಲಿ, ಪದಕ ಎಲ್ಲಿ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಅದಕ್ಕೆ ಯಾವ ಬಣ್ಣ ಅನ್ನುವುದನ್ನು ಅವಳಿಗೇ ಬಿಡಿ.

ಹಾಸನದಿಂದಲೇ ಇನ್ನೊಬ್ಬರು: ಹೊಲಿಗೆ ದಾರ ಖಂಡಿತ ಬೇಡ. ಗಾಜಿನ ಮಣಿಯ ತೂತಿನ ಅಂಚು ಚೂಪು, ತಿಕ್ಕಿ ತಿಕ್ಕಿ ದಾರ ಕಡಿದುಬಿಡುತ್ತದೆ. ಮಣಿ ಪೋಣಿಸುವ ನೈಲಾನ್ ದಾರ ಕೇಳಿ ತನ್ನಿ. ಮೊದಲೇ ಚೆನ್ನಾಗಿ ಜಗ್ಗಿಟ್ಟುಕೊಳ್ಳಿ, ಇಲ್ಲದಿದ್ದರೆ ಆಮೇಲೆ ಹಿಗ್ಗಿ ಮಣಿಗಳ ನಡುವೆ ದಾರ ಇಣುಕುತ್ತದೆ. ಎರಡೂ ತುದಿಯಲ್ಲಿ ಒಂದೊಂದು ಗೇಣು ಉಳಿಯಲಿ.

ಕೊಂಡಿಗೆ ಗಂಟು ಹಾಕಿದ ಕೂಡಲೇ ತುದಿ ಕತ್ತರಿಸಬಾರದು. ಅದನ್ನು ನಾಲ್ಕೈದು ಮಣಿಯೊಳಗೆ ವಾಪಸ್ ತೂರಿಸಿ, ಅಲ್ಲೊಂದು ಗಂಟು ಹಾಕಿ, ಇನ್ನೆರಡು ಮಣಿ ದಾಟಿಸಿ ಆಮೇಲೆ ಕತ್ತರಿಸಬೇಕು. ಕೊನೆಯ ಗಂಟಿಗೆ ಮೊದಲು ಸರವನ್ನು ಕೊರಳಿನ ಆಕಾರಕ್ಕೆ ಬಗ್ಗಿಸಿಟ್ಟುಕೊಳ್ಳಿ. ನೇರವಾಗಿಟ್ಟು ಬಿಗಿದರೆ ಸರ ಕೋಲಿನ ಹಾಗೆ ಸೆಟೆದುಕೊಳ್ಳುತ್ತದೆ. ಮುಂಭಾಗ ಎಲ್ಲರೂ ಚೆಂದವಾಗಿಯೇ ಮಾಡಿರುತ್ತಾರೆ, ಅಲ್ವಾ? ಹಾಗಾಗಿ ಕೊಂಡಿಯ ಕಡೆ ನೀಟಾಗಿರುವುದು ಮುಖ್ಯ.

ಮೂಡಿಗೆರೆಯಿಂದ: ಗಾಜು ಕಷ್ಟ ಅನ್ನಿಸಿದರೆ ಚನ್ನಪಟ್ಟಣದ ಮರದ ಮಣಿ ನೋಡಿ. ಅರಗಿನ ಬಣ್ಣ, ಹಗುರ. ಇಲ್ಲಿಯದೇ ಏನಾದರೂ ಸೇರಿಸಬೇಕು ಅಂತಿದ್ದರೆ ಕಾಫಿ ಬೀಜ ಇದೆ. ಹುರಿದದ್ದು ಕೊರೆಯುವಾಗ ಒಡೆಯುತ್ತದೆ, ಹುರಿಯದ ಬೀಜ ತೆಗೆದುಕೊಳ್ಳಿ. ಕೊರೆಯುವ ಕೆಲಸಕ್ಕೆ ದೊಡ್ಡವರು ಪಕ್ಕದಲ್ಲಿರಿ. ಗುಲಗಂಜಿ ಮಾತ್ರ ಬೇಡವೇ ಬೇಡ. ಕೆಂಪು ಕಪ್ಪು ಎಷ್ಟೇ ಚೆಂದವಿದ್ದರೂ ಅದರೊಳಗೆ ಕಡು ವಿಷ. ಗಟ್ಟಿ ಸಿಪ್ಪೆ ಅದನ್ನು ಒಳಗೇ ತಡೆದಿಟ್ಟಿರುತ್ತದೆ, ಪೋಣಿಸಲು ತೂತು ಕೊರೆದರೆ ಆ ತಡೆಯೂ ಹೋಯಿತು. ಈಗಾಗಲೇ ಮನೆಗೆ ತಂದಿದ್ದರೆ ಸಣ್ಣ ಮಕ್ಕಳ ಕೈಗೆ ಸಿಗದಂತೆ ತೆಗೆದುಬಿಡಿ.