ಸೈರನ್: ಸೆಳೆಯುವ ಹಾಡು ಎಚ್ಚರಿಕೆಯ ಕೂಗಾದದ್ದು ಹೇಗೆ?

ಪ್ರಶ್ನೆ: ಶಹಾಬಾದಿನ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಶಹಾಬಾದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹೋದ ವಾರ ಒಂಬತ್ತನೆಯ ತರಗತಿಯ ಮಕ್ಕಳಿಗೆ ಗ್ರೀಕ್ ವೀರ ಒಡಿಸ್ಯೂಸನ ಸಮುದ್ರಯಾನದ ಕಥೆ ಹೇಳುತ್ತಾ, ಇಂಪಾದ ಹಾಡಿನಿಂದ ನಾವಿಕರನ್ನು ತಮ್ಮ ದ್ವೀಪಕ್ಕೆ ಸೆಳೆದು ಸಾಯಿಸುವ ಸೈರನ್‌ಗಳ ಪ್ರಸಂಗಕ್ಕೆ ಬಂದಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಟೀಚರ್, ನಮ್ಮಪ್ಪ ಫ್ಯಾಕ್ಟರಿ ಸೈರನ್ ಕೇಳಿನೇ ಡ್ಯೂಟಿಗೆ ಹೋಗ್ತಾನ್ರೀ, ಆ ಸೈರನ್ನೂ ಈ ಸೈರನ್ನೂ ಒಂದೇ ಏನ್ರೀ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ, ಆದರೆ ಉತ್ತರ ನನ್ನಲ್ಲಿರಲಿಲ್ಲ.

ಮನೆಗೆ ಬಂದು ಇಂಗ್ಲಿಷ್ ನಿಘಂಟು ತೆರೆದ ಮೇಲೆ ಗೊಂದಲ ಇನ್ನಷ್ಟು ಹೆಚ್ಚಿತು. ಪುರಾಣದ ಗಾಯಕಿ, ಮರುಳು ಮಾಡುವ ಹೆಣ್ಣು, ಕೂಗುವ ಯಂತ್ರ, ಇವಲ್ಲದೆ ಉತ್ತರ ಅಮೆರಿಕದ ಕೆಸರು ನೀರಿನಲ್ಲಿ ಹಾವುಮೀನಿನಂತೆ ಬದುಕುವ ಒಂದು ಉಭಯಚರ ಪ್ರಾಣಿ, ಎಲ್ಲವೂ ಒಂದೇ ಪದದ ಕೆಳಗೆ ಸಾಲಾಗಿ ನಿಂತಿವೆ. ಆಂಬ್ಯುಲೆನ್ಸಿನ ಸೈರನ್ ನಮ್ಮನ್ನು ದಾರಿಯಿಂದ ದೂರ ಸರಿಸುತ್ತದೆ, ಪುರಾಣದ ಸೈರನ್ ಹತ್ತಿರಕ್ಕೆ ಎಳೆಯುತ್ತದೆ. ಒಂದು ಪದ ತನ್ನ ಅರ್ಥಕ್ಕೆ ತಾನೇ ಬೆನ್ನು ತಿರುಗಿಸುವುದು ಹೇಗೆ ಸಾಧ್ಯ, ಇದರ ನಡುವಿನ ಕೊಂಡಿ ಯಾವುದು ಎಂಬುದನ್ನು ತಿಳಿದವರು ತಿಳಿಸಬೇಕೆಂದು ವಿನಂತಿ. ಆ ಹುಡುಗ ಮತ್ತೆ ಕೇಳದೆ ಬಿಡುವವನಲ್ಲ.

ಉತ್ತರ: ಕಾಗಿಣಾ ತೀರದವ

ಟೀಚರ್, ನಿಮ್ಮ ವಿದ್ಯಾರ್ಥಿಗೆ ಮೊದಲು ನನ್ನ ಶಹಬ್ಬಾಸ್ ತಿಳಿಸಿರಿ. ಎರಡೂ ಒಂದೇ ಪದ, ಅದರಲ್ಲಿ ಸಂದೇಹವಿಲ್ಲ. ಆದರೆ ಕೊಂಡಿಯನ್ನು ಹುಡುಕುವ ಮುನ್ನ ಮೂಲ ಕಥೆಯನ್ನು ಇನ್ನೊಮ್ಮೆ ನೋಡುವುದು ಒಳಿತು, ಏಕೆಂದರೆ ನಾವೆಲ್ಲ ಸಾಮಾನ್ಯವಾಗಿ ಹೇಳುವ ಸೈರನ್ ಕಥೆಗೂ ಪ್ರಾಚೀನ ಗ್ರೀಕ್ ಕವಿ ಹೋಮರ್ ಹೇಳಿದ ಕಥೆಗೂ ಸಾಕಷ್ಟು ಅಂತರವಿದೆ.

ಪ್ರಸಂಗ ಬರುವುದು ಅವನ 'ಒಡಿಸ್ಸಿ' ಮಹಾಕಾವ್ಯದ 12ನೇ ಸರ್ಗದಲ್ಲಿ. ಮಾಯಾವಿನಿ ಸರ್ಸಿ ಮುಂದಿನ ಅಪಾಯಗಳನ್ನು ಒಡಿಸ್ಯೂಸನಿಗೆ ಮೊದಲೇ ತಿಳಿಸುತ್ತಾಳೆ. ಸೈರನ್‌ಗಳು ಹುಲ್ಲುಗಾವಲಿನಲ್ಲಿ ಕುಳಿತಿರುತ್ತಾರೆ, ಸುತ್ತಲೂ ಕೊಳೆಯುತ್ತಿರುವ ಗಂಡಸರ ಎಲುಬುಗಳ ರಾಶಿ. ಅವಳ ಸಲಹೆಯಂತೆ ಒಡಿಸ್ಯೂಸ್ ಸಂಗಡಿಗರ ಕಿವಿಗಳಿಗೆ ಮೇಣ ಮೆತ್ತುತ್ತಾನೆ, ತಾನು ಮಾತ್ರ ಕಿವಿ ತೆರೆದುಕೊಂಡು ಹಡಗಿನ ಕಂಬಕ್ಕೆ ಕಟ್ಟಿಸಿಕೊಳ್ಳುತ್ತಾನೆ. ದ್ವೀಪ ಸಮೀಪಿಸುತ್ತಿದ್ದಂತೆ ಗಾಳಿ ನಿಂತು ಸಮುದ್ರ ಸ್ತಬ್ಧವಾಗುತ್ತದೆ, ಹಾಡು ಕೇಳಿಬರುತ್ತದೆ. ಬಿಚ್ಚಿರೆಂದು ಅವನು ಹುಬ್ಬಿನಿಂದ ಸನ್ನೆ ಮಾಡಿದರೆ, ಸಂಗಡಿಗರಿಬ್ಬರು ಎದ್ದು ಬಂದು ಇನ್ನೂ ಬಿಗಿಯಾಗಿ ಕಟ್ಟುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿ ಏನೆಂದರೆ, ಸೈರನ್‌ಗಳ ರೂಪದ ಬಗ್ಗೆ ಹೋಮರ್ ಒಂದು ಮಾತನ್ನೂ ಹೇಳುವುದಿಲ್ಲ. ಅವರು ಚೆಲುವೆಯರೆಂದಾಗಲಿ, ರೆಕ್ಕೆಯುಳ್ಳವರೆಂದಾಗಲಿ, ಮೀನಿನ ಬಾಲದವರೆಂದಾಗಲಿ ಅಲ್ಲಿ ಇಲ್ಲ. ಎಷ್ಟು ಜನ ಎಂಬುದೂ ವ್ಯಾಕರಣದಿಂದಷ್ಟೇ ತಿಳಿಯುತ್ತದೆ: ಸಂಸ್ಕೃತದಂತೆ ಹಳೆಯ ಗ್ರೀಕಿನಲ್ಲಿಯೂ ದ್ವಿವಚನವಿದ್ದು, ಹೋಮರ್ ಅದನ್ನು ಬಳಸಿರುವುದರಿಂದ ಅವರು ಇಬ್ಬರು. ಅವರ ಹಾಡಿನಲ್ಲಿಯೂ ಪ್ರೇಮದ ಆಮಿಷವಿಲ್ಲ. ಟ್ರಾಯ್ ಯುದ್ಧದಲ್ಲಿ ಎರಡೂ ಕಡೆಯವರು ಅನುಭವಿಸಿದ್ದೆಲ್ಲವನ್ನೂ ನಾವು ಬಲ್ಲೆವು, ಭೂಮಿಯ ಮೇಲೆ ನಡೆಯುವುದೆಲ್ಲವನ್ನೂ ಬಲ್ಲೆವು, ಕೇಳಿದವನು ಹೆಚ್ಚು ತಿಳಿದವನಾಗಿ ಮನೆಗೆ ಹೋಗುತ್ತಾನೆ ಎಂಬುದು ಅದರ ಸಾರ. ಅಂದರೆ ಅವರು ತೋರಿಸುವ ಆಸೆ ತಿಳಿವಳಿಕೆಯದು. ಚೆಲುವೆಯರ ಬಲೆ ಎಂಬ ಅರ್ಥ ನಂತರದವರು ಹಚ್ಚಿದ ಬಣ್ಣ ಎಂದೇ ನನ್ನ ಅಭಿಪ್ರಾಯ.

ರೂಪ ಕೊಟ್ಟವರು ಚಿತ್ರಕಾರರು. ಕ್ರಿ.ಪೂ. 5ನೇ ಶತಮಾನದ ಆರಂಭದ ಒಂದು ಗ್ರೀಕ್ ಹೂಜಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಮೇಲೆ ಕಂಬಕ್ಕೆ ಕಟ್ಟಿಸಿಕೊಂಡ ಒಡಿಸ್ಯೂಸನೂ, ಹೆಣ್ಣಿನ ತಲೆ ಮತ್ತು ಹಕ್ಕಿಯ ಮೈ ಇರುವ ಸೈರನ್‌ಗಳೂ ಇದ್ದಾರೆ, ಅವರಲ್ಲಿ ಒಬ್ಬಳು ತಲೆಕೆಳಗಾಗಿ ಬೀಳುತ್ತಿದ್ದಾಳೆ. ಹಕ್ಕಿ ಮೀನಾದದ್ದು ಮಧ್ಯಯುಗದ ಯುರೋಪಿನಲ್ಲಿ. ಆ ಮಿಶ್ರಣದ ಗುರುತು ಭಾಷೆಗಳಲ್ಲಿ ಇಂದಿಗೂ ಉಳಿದಿದೆ: ಫ್ರೆಂಚಿನ ಸಿರೇನ್, ಸ್ಪ್ಯಾನಿಷ್ ಮತ್ತು ಇಟಾಲಿಯನ್ ಭಾಷೆಗಳ ಸಿರೇನಾ ಎಂದರೆ ಮತ್ಸ್ಯಕನ್ಯೆ. 1493ರ ಜನವರಿಯಲ್ಲಿ ಕೊಲಂಬಸ್ ಕೆರೀಬಿಯನ್ ದ್ವೀಪಗಳ ಬಳಿ ಸಿರೇನಾಗಳನ್ನು ಕಂಡು, ಚಿತ್ರಗಳಲ್ಲಿ ಬರೆಯುವಷ್ಟು ಚೆಲುವಾಗಿಲ್ಲವೆಂದು ದಾಖಲಿಸಿದ. ಅವನು ನೋಡಿದ್ದು ಬಹುಶಃ ಮ್ಯಾನಟೀ ಎಂಬ ಕಡಲ ಹಸುಗಳನ್ನು. ಆ ಪ್ರಾಣಿಗಳ ಗಣಕ್ಕೆ ವಿಜ್ಞಾನಿಗಳು ಮುಂದೆ ಸೈರೇನಿಯಾ ಎಂದೇ ಹೆಸರಿಟ್ಟರು. ನಮ್ಮ ಮನ್ನಾರ್ ಕೊಲ್ಲಿಯ ಡುಗಾಂಗ್ ಕೂಡ ಅದೇ ಗಣಕ್ಕೆ ಸೇರಿದ್ದು.

ಇಂಗ್ಲಿಷಿಗೆ ಈ ಪದ ಫ್ರೆಂಚ್ ಮತ್ತು ಲ್ಯಾಟಿನ್ ಮೂಲಕ 14ನೇ ಶತಮಾನದಲ್ಲಿ ಬಂತು. ಆರಂಭದಲ್ಲಿ ಅದಕ್ಕೆ ಒಂದು ಬಗೆಯ ಕಾಲ್ಪನಿಕ ಸರ್ಪ ಎಂಬ ಅರ್ಥವೂ ಇತ್ತು, ಏಕೆಂದರೆ ಅರೇಬಿಯಾದಲ್ಲಿ ಸೈರನ್ ಎಂಬ ರೆಕ್ಕೆಯ ಹಾವುಗಳಿವೆಯೆಂದು ಮಧ್ಯಯುಗದ ಪಂಡಿತರು ಬರೆದಿಟ್ಟಿದ್ದರು. 16ನೇ ಶತಮಾನದ ಕೊನೆಯ ಹೊತ್ತಿಗೆ ಮರುಳು ಮಾಡುವ ಹೆಣ್ಣು ಎಂಬ ಅರ್ಥ ನೆಲೆಯೂರಿತು. ಶೇಕ್ಸ್‌ಪಿಯರನ 'ದಿ ಕಾಮಿಡಿ ಆಫ್ ಎರರ್ಸ್' ನಾಟಕದ ಪ್ರೇಮಿಯೊಬ್ಬ ಒಂದೇ ಮಾತಿನಲ್ಲಿ ತನ್ನವಳನ್ನು ಮತ್ಸ್ಯಕನ್ಯೆಯೆಂದೂ ಸೈರನ್ ಎಂದೂ ಕರೆಯುತ್ತಾನೆ. ಯಂತ್ರದ ಸಂಗತಿಯನ್ನು ವಿಜ್ಞಾನದವರು ಹೇಳಲಿ.

ಉತ್ತರ: ಯಾದಗಿರಿಯ ಭೌತಶಾಸ್ತ್ರದವ

ಕಾಗಿಣಾ ತೀರದ ಹಿರಿಯರು ಎಲ್ಲಿ ನಿಲ್ಲಿಸಿದರೋ ಅಲ್ಲಿಂದಲೇ ಮುಂದುವರಿಸುತ್ತೇನೆ. ನೀವು ಕೇಳುತ್ತಿರುವ ಕೊಂಡಿ 1819ರಲ್ಲಿದೆ, ಮತ್ತು ಅದು ಎಚ್ಚರಿಕೆಗೆ ಸಂಬಂಧಿಸಿದ್ದೇ ಅಲ್ಲ.

ಆ ವರ್ಷ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಎಂಬ ವಿಜ್ಞಾನಿ, ಒಂದು ಸ್ವರಕ್ಕೆ ಸೆಕೆಂಡಿಗೆ ಎಷ್ಟು ಕಂಪನಗಳಿರುತ್ತವೆ ಎಂಬುದನ್ನು ಎಣಿಸಲು ಸಣ್ಣದೊಂದು ಉಪಕರಣ ತಯಾರಿಸಿದ. ಇದಕ್ಕೂ ಮೊದಲು ಸ್ಕಾಟ್ಲೆಂಡಿನ ಜಾನ್ ರಾಬಿಸನ್ ಇದೇ ತತ್ವದ ಸಾಧನ ಮಾಡಿದ್ದನಾದರೂ ಹೆಸರು ಉಳಿದದ್ದು ಫ್ರೆಂಚನ ಸಾಧನಕ್ಕೆ. ಗಾಳಿ ತುಂಬಿದ ಪೆಟ್ಟಿಗೆಯ ಮುಚ್ಚಳದಲ್ಲಿ ವೃತ್ತಾಕಾರವಾಗಿ ತೂತುಗಳಿರುತ್ತವೆ, ಅದರ ಮೇಲೆ ಅಷ್ಟೇ ತೂತುಗಳಿರುವ ಬಿಲ್ಲೆಯೊಂದು ತಿರುಗುತ್ತದೆ. ತೂತಿಗೆ ತೂತು ಎದುರಾದಾಗ ಗಾಳಿ ಹೊರಗೆ ಚಿಮ್ಮುತ್ತದೆ, ಸರಿದಾಗ ನಿಲ್ಲುತ್ತದೆ. ಬಿಲ್ಲೆಯಲ್ಲಿ 16 ತೂತುಗಳಿದ್ದು ಅದು ಸೆಕೆಂಡಿಗೆ 25 ಸುತ್ತು ತಿರುಗಿದರೆ, 400 ಸಲ ಗಾಳಿ ಚಿಮ್ಮಿ 400 ಹರ್ಟ್ಜ್‌ನ ಸ್ವರ ಹುಟ್ಟುತ್ತದೆ. ಸುತ್ತುಗಳನ್ನು ಲೆಕ್ಕ ಹಾಕಲು ಮೇಲೆ ಮುಳ್ಳುಗಳಿರುವ ಗಡಿಯಾರದಂತಹ ಏರ್ಪಾಟು.

ಅದಕ್ಕೆ ಸಿರೇನ್ ಎಂದು ಹೆಸರಿಡಲು ಕಾರಣ ಬಹಳ ಸರಳ. ಗಾಳಿಯ ಬದಲು ನೀರನ್ನು ಹಾಯಿಸಿದರೂ ಅದು ಹಾಡುತ್ತಿತ್ತು, ನೀರಿನಲ್ಲಿ ಮುಳುಗಿಯೂ ಹಾಡುತ್ತಿತ್ತು. ಫ್ರೆಂಚಿನಲ್ಲಿ ಆ ಪದಕ್ಕೆ ಮತ್ಸ್ಯಕನ್ಯೆ ಎಂಬ ಅರ್ಥವಿದ್ದುದರಿಂದ ನೀರಿನೊಳಗೆ ಹಾಡುವ ಯಂತ್ರಕ್ಕೆ ಅದಕ್ಕಿಂತ ಒಪ್ಪುವ ಹೆಸರು ಇನ್ನೇನಿತ್ತು? ಹಕ್ಕಿ ಮೀನಾಗದೆ ಹೋಗಿದ್ದರೆ ನಮ್ಮ ಆಂಬ್ಯುಲೆನ್ಸಿಗೆ ಈ ಹೆಸರೇ ಬರುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಅಲ್ಲಿಂದ ಮುಂದೆ ಪ್ರಯೋಗಾಲಯದ ಯಂತ್ರ ಉಗಿಯ ಬಲದಿಂದ ದೊಡ್ಡದಾಯಿತು. 19ನೇ ಶತಮಾನದ ಉತ್ತರಾರ್ಧದಲ್ಲಿ ಮಂಜು ಕವಿದ ಕರಾವಳಿಗಳಲ್ಲೂ ಹಬೆಹಡಗುಗಳಲ್ಲೂ ಅದನ್ನು ಎಚ್ಚರಿಕೆಗೆ ಬಳಸತೊಡಗಿದರು. ಬಂಡೆಗಳತ್ತ ನಾವಿಕರನ್ನು ಸೆಳೆಯುತ್ತಿದ್ದವಳ ಹೆಸರಿನ ಯಂತ್ರವೇ ಬಂಡೆಗಳಿಂದ ಹಡಗುಗಳನ್ನು ದೂರವಿಡುವ ಕೆಲಸಕ್ಕೆ ನಿಂತದ್ದು ಹೀಗೆ. ನಂತರ ಕಾರ್ಖಾನೆ, ಅಗ್ನಿಶಾಮಕ ವಾಹನ, ಎರಡನೆಯ ಮಹಾಯುದ್ಧದ ವಿಮಾನ ದಾಳಿ. ಏರಿಳಿಯುವ ಕೂಗು ಎಂದರೆ ಅಪಾಯ, ಒಂದೇ ಸಮನೆಯ ಕೂಗು ಎಂದರೆ ಅಪಾಯ ಕಳೆಯಿತು ಎಂಬ ಸಂಕೇತ ನಮ್ಮ ನಾಗರಿಕ ರಕ್ಷಣೆಯಲ್ಲಿಯೂ ಇದೆ. 2025ರ ಮೇ ತಿಂಗಳಲ್ಲಿ ದೇಶದ ಅನೇಕ ಕಡೆ ನಡೆದ ಅಣಕು ಕಾರ್ಯಾಚರಣೆಯ ಸುದ್ದಿಯಲ್ಲಿ ಮಕ್ಕಳು ಇದನ್ನು ಕೇಳಿರಬಹುದು. ಆ ಏರಿಳಿತ ಬರುವುದೂ ಬಿಲ್ಲೆಯಿಂದಲೇ, ವೇಗ ಹೆಚ್ಚಿದರೆ ಸ್ವರ ಏರುತ್ತದೆ, ತಗ್ಗಿದರೆ ಇಳಿಯುತ್ತದೆ. ಇಂದಿನ ಆಂಬ್ಯುಲೆನ್ಸುಗಳಲ್ಲಿ ಬಿಲ್ಲೆಯೂ ಇಲ್ಲ, ತೂತೂ ಇಲ್ಲ, ಎಲೆಕ್ಟ್ರಾನಿಕ್ ಧ್ವನಿವರ್ಧಕ ಆ ಹಳೆಯ ಏರಿಳಿತವನ್ನು ನಕಲು ಮಾಡುತ್ತದೆ ಅಷ್ಟೆ.

ಉತ್ತರ: ಬಸವಕಲ್ಯಾಣದ ಓದುಗ

ಈ ಚರ್ಚೆ ಓದುತ್ತಾ ನನಗೆ ನಮ್ಮದೇ ಒಂದು ಪದ ನೆನಪಾಯಿತು, ಅದು ಕಿನ್ನರಿ. ಭಾರತೀಯ ಪುರಾಣಗಳಲ್ಲಿ ಕಿನ್ನರರು ದೇವಲೋಕದ ಗಾಯಕರು. ಕೆಲವೆಡೆ ಅವರಿಗೆ ಕುದುರೆಯ ಮುಖ, ಬೌದ್ಧ ಶಿಲ್ಪಗಳಲ್ಲಿ ಹೆಣ್ಣಿನ ಮೇಲ್ಭಾಗ ಮತ್ತು ಹಕ್ಕಿಯ ಕೆಳಭಾಗ. ಇವನೇನು ನರನೇ ಎಂಬ ಅರ್ಥದ 'ಕಿಂ ನರಃ' ಎಂಬುದರಿಂದ ಆ ಹೆಸರು ಬಂತೆಂದು ಸಂಪ್ರದಾಯದವರು ಹೇಳುತ್ತಾರೆ. ಕನ್ನಡದಲ್ಲಿ ಕಿನ್ನರಿ ಎಂದರೆ ಒಂದು ತಂತಿವಾದ್ಯವೂ ಹೌದು. 12ನೇ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನವರು ಇದೇ ಕಲ್ಯಾಣದಲ್ಲಿ ಆ ವಾದ್ಯ ನುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದರು, ವಾದ್ಯದ ಹೆಸರೇ ಅವರ ಹೆಸರಿನ ಮುಂದೆ ನಿಂತಿತು. ಹಾಡುವ ಅರೆಮಾನವ ಜೀವಿಯ ಹೆಸರು ನಾದ ಹೊರಡಿಸುವ ಸಾಧನಕ್ಕೆ ಬರುವುದು ಗ್ರೀಕರಿಗೋ ಫ್ರೆಂಚರಿಗೋ ಮಾತ್ರ ಸೇರಿದ ಸಂಗತಿಯಲ್ಲವೆಂದು ಟೀಚರ್ ಮಕ್ಕಳಿಗೆ ಹೇಳಬಹುದು. ಕಿನ್ನರಿಗೂ ಸೈರನ್ನಿಗೂ ಮೂಲ ಒಂದೇ ಇರಬಹುದೇ ಎಂಬ ಕುತೂಹಲವೂ ನನಗಿದೆ.

ಉತ್ತರ: ಕಾಗಿಣಾ ತೀರದವ

ಹೋಲಿಕೆ ಸೊಗಸಾಗಿದೆ ಸರ್, ತರಗತಿಗೆ ಖಂಡಿತ ಒಯ್ಯಬೇಕಾದದ್ದು. ಆದರೆ ಹೋಲಿಕೆ ಬೇರೆ, ಮೂಲ ಬೇರೆ. ಎರಡು ಪದಗಳ ಧ್ವನಿಯಲ್ಲಿ ಯಾವ ನಂಟೂ ಇಲ್ಲ, ಅರ್ಥದ ಹೋಲಿಕೆಯೊಂದನ್ನೇ ನಂಬಿ ಎಲ್ಲವನ್ನೂ ಒಂದೇ ಬೇರಿಗೆ ಕಟ್ಟಲು ಹೊರಟರೆ ನಿಘಂಟಿಗಿಂತ ಪವಾಡಕಥೆಯೇ ದೊಡ್ಡದಾದೀತು. ಗ್ರೀಕಿನ ಸೇಯ್‌ರೇನ್ ಪದದ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರು ಅದನ್ನು ಹಗ್ಗ ಎಂಬ ಅರ್ಥದ ಸೇಯ್‌ರಾ ಪದಕ್ಕೆ ಜೋಡಿಸಿ, ಕಟ್ಟಿಹಾಕುವವಳು ಎಂದು ಬಿಡಿಸುತ್ತಾರೆ. ಗ್ರೀಕರು ಬರುವ ಮೊದಲೇ ಆ ನೆಲದಲ್ಲಿದ್ದ ಭಾಷೆಯೊಂದರ ಪದ ಅದು ಎಂಬುದು ಇನ್ನು ಕೆಲವರ ವಾದ. ಹಗ್ಗದ ವಾದ ನಿಜವಾಗಿದ್ದರೆ ಕಥೆಯಲ್ಲಿ ಒಂದು ಚಮತ್ಕಾರವಿದೆ: ಕಟ್ಟಿಹಾಕುವವರಿಂದ ಪಾರಾಗಲು ಒಡಿಸ್ಯೂಸ್ ತಾನೇ ಹಗ್ಗದಿಂದ ಕಟ್ಟಿಸಿಕೊಂಡ. ಚಮತ್ಕಾರ ಚೆನ್ನಾಗಿದೆ ಎಂಬುದೇ ಪುರಾವೆಯಾಗುವುದಿಲ್ಲವಾದ್ದರಿಂದ ನಾನು ಎರಡನೆಯ ವಾದದ ಕಡೆಗೇ ವಾಲುತ್ತೇನೆ.

ಪ್ರಶ್ನಿಸಿದವರ ಮರುಮಾತು: ಶಹಾಬಾದಿನ ಟೀಚರ್

ಎಲ್ಲರಿಗೂ ಧನ್ಯವಾದಗಳು. ನಾನು ಅರ್ಥ ತಲೆಕೆಳಗಾಯಿತೆಂದು ಭಾವಿಸಿದ್ದೆ. ಈಗ ನೋಡಿದರೆ ಪದ ಒಮ್ಮೆಲೇ ತಿರುಗಿಲ್ಲ, ಹಕ್ಕಿಯಿಂದ ಮೀನಿಗೆ, ಮೀನಿನಿಂದ ನೀರಿಗೆ, ನೀರಿನಲ್ಲಿ ಹಾಡುವ ಬಿಲ್ಲೆಗೆ, ಬಿಲ್ಲೆಯಿಂದ ಹಡಗಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. ಆದರೂ ಒಂದು ಸಣ್ಣ ಅನುಮಾನ ಉಳಿದಿದೆ. ಇಂಗ್ಲಿಷಿನಲ್ಲಿ 'ಸೈರನ್ ಸಾಂಗ್' ಎಂದರೆ ಇಂದಿಗೂ ಹಾಳುಮಾಡುವ ಆಮಿಷ ಎಂದೇ ಅರ್ಥ, ಅದೇ ಪತ್ರಿಕೆಯ ಪಕ್ಕದ ಅಂಕಣದಲ್ಲಿ ಸೈರನ್ ಎಂದರೆ ಎಚ್ಚರಿಕೆ. ಓದುವವರಿಗೆ ಇದು ತೊಡಕೆನಿಸುವುದಿಲ್ಲವೇ?

ಉತ್ತರ: ಕಲಬುರಗಿ ಹಳೇಪೇಟೆ

ಟೀಚರ್, ತೊಡಕೆನಿಸುವುದಿಲ್ಲ, ಏಕೆಂದರೆ ಒಂದು ಹಾಡಿನ ಜೊತೆಗೆ ಬರುತ್ತದೆ, ಇನ್ನೊಂದು ಕೂಗಿನ ಜೊತೆಗೆ. ಆದರೆ ಸೈರನ್ ಎಂದರೆ ದೂರ ಸರಿಸುವುದು ಎಂಬ ನಿಮ್ಮ ಮೊದಲ ಮಾತಿಗೇ ನನ್ನ ತಕರಾರಿದೆ, ಮತ್ತು ಅದಕ್ಕೆ ಸಾಕ್ಷಿ ನಿಮ್ಮ ವಿದ್ಯಾರ್ಥಿಯ ಮಾತಿನಲ್ಲಿಯೇ ಇದೆ. ಅವನ ಅಪ್ಪನನ್ನು ಸೈರನ್ ಓಡಿಸುವುದಿಲ್ಲ, ಕರೆಯುತ್ತದೆ.

ನಾನು ಬೆಳೆದದ್ದು ಕಲಬುರಗಿಯ ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ಆಸುಪಾಸಿನಲ್ಲಿ. ಮಿಲ್ಲು ಮುಚ್ಚಿ ಎಷ್ಟೋ ವರ್ಷಗಳಾದರೂ ಆ ಭಾಗಕ್ಕೆ ಇಂದಿಗೂ ಅದೇ ಹೆಸರು. ನಮ್ಮ ಮನೆಯಲ್ಲಿ ಯಾರೂ ಮಿಲ್ಲಿನ ಕೂಗನ್ನು ಸೈರನ್ ಎನ್ನುತ್ತಿರಲಿಲ್ಲ, ಭೋಂಗಾ ಎನ್ನುತ್ತಿದ್ದರು. ಅಜ್ಜಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಮೊದಲನೆಯ ಭೋಂಗಾಕ್ಕೆ ಒಲೆ ಹೊತ್ತಿಸುವುದು, ಎರಡನೆಯದಕ್ಕೆ ಅಜ್ಜನ ಬುತ್ತಿಗೆ ರೊಟ್ಟಿ ಕಟ್ಟುವುದು, ಅವಳ ದಿನ ಹಾಗೆ ನಡೆಯುತ್ತಿತ್ತು. ಭೋಂಗಾ ಕೇಳಿಯೂ ಕೇಳದಂತೆ ಮಲಗಿರುವುದು ಆ ಕೇರಿಯಲ್ಲಿ ಯಾರಿಗೂ ಸಾಧ್ಯವಿರಲಿಲ್ಲ. ರಂಜಾನ್ ತಿಂಗಳಲ್ಲಿ ಸಹರಿ ಮುಗಿಯುವ ಹೊತ್ತಿಗೂ ಇಫ್ತಾರಿನ ಹೊತ್ತಿಗೂ ನಮ್ಮ ಕಡೆ ಸೈರನ್ ಕೂಗಿಸುವುದು ನಿಮಗೂ ಗೊತ್ತು. ಸಂಜೆಯ ಆ ಕೂಗಿಗೆ ಕಾದು ಕುಳಿತವರ ಮುಂದೆ ಖರ್ಜೂರದ ತಟ್ಟೆ ಇರುತ್ತದೆ, ಅದನ್ನು ಎಚ್ಚರಿಕೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೀಗಾಗಿ ಆ ಹುಡುಗನಿಗೆ ಎರಡೂ ಒಂದೇ ಎಂದೇ ಹೇಳಿರಿ. ಕಿವಿಗೆ ಮೇಣ ಮೆತ್ತಿಕೊಂಡ ನಾವಿಕರಷ್ಟೇ ಕೇಳದೆ ಉಳಿದರು ಎಂದು ಸೇರಿಸಿರಿ. ಅವನ ಅಪ್ಪ ರಾತ್ರಿ ಪಾಳಿಯಿಂದ ಬಂದು ಹಗಲು ಮಲಗುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾನೆಯೇ ಎಂದು ಕೇಳಿ ನೋಡಿರಿ. ನಮ್ಮ ಅಜ್ಜ ಇಟ್ಟುಕೊಳ್ಳುತ್ತಿದ್ದ.