ಗೇಮ್ ಸಂಗೀತದ ವಿಮರ್ಶೆ: ಆಲ್ಬಮ್ ಕೇಳಿ ಬರೆಯೋದಾ, ಆಡಿ ಬರೆಯೋದಾ?

ಮಲೆನಾಡ ಪಿಕ್ಸೆಲ್ (ಶಿರಸಿ)

ನಾವು ನಾಲ್ಕೈದು ಜನ ಸೇರಿ ಕನ್ನಡದಲ್ಲಿ ಗೇಮ್ ವಿಮರ್ಶೆ ಬರೆಯುತ್ತೇವೆ. ಕಥೆ, ಗ್ರಾಫಿಕ್ಸ್, ಕಂಟ್ರೋಲ್ ಎಲ್ಲದಕ್ಕೂ ಒಂದು ಕ್ರಮ ಇದೆ, ಸಂಗೀತಕ್ಕೆ ಬಂದರೆ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ಒಬ್ಬರು ಒಎಸ್‌ಟಿ (ಗೇಮಿನ ಸಂಗೀತವನ್ನು ಬೇರೆಯಾಗಿ ಹೊರತಂದ) ಆಲ್ಬಮ್ ಹಾಕಿಕೊಂಡು ಟ್ರ್ಯಾಕಿಗೆ ಹತ್ತರಲ್ಲಿ ಇಷ್ಟು ಅಂತ ಅಂಕ ಹಾಕುತ್ತಾರೆ. ಇನ್ನೊಬ್ಬರು ಆಟ ಮುಗಿದ ಮೇಲೆ ತಲೆಯಲ್ಲಿ ಉಳಿದದ್ದನ್ನಷ್ಟೇ ಬರೆಯುತ್ತಾರೆ. ಮತ್ತೊಬ್ಬರದು ಗೇಮ್ ಯಂತ್ರದಲ್ಲಿ ಯಾವ ಸೌಂಡ್ ಚಿಪ್ಪು, ಎಷ್ಟು ಚಾನೆಲ್ಲು (ಒಟ್ಟಿಗೆ ನುಡಿಯಬಲ್ಲ ದನಿ) ಅಂತಲೇ ಎರಡು ಪುಟ. ಒಂದೇ ಗೇಮಿಗೆ ಮೂರು ತೀರ್ಪು ಬರುತ್ತಿದೆ.

ಯಾವುದನ್ನು ಮುಂದಿಟ್ಟುಕೊಳ್ಳಬೇಕು? ಆಡುತ್ತಲೇ ಸಂಗೀತ ಪರೀಕ್ಷಿಸುವುದಕ್ಕೆ ಏನಾದರೂ ಪದ್ಧತಿ ಇದೆಯಾ? ಪಿಸಿ, ರೆಕಾರ್ಡ್ ಮಾಡಲು ಓಬಿಎಸ್, ಆಡಿಯೋ ತಿದ್ದಲು ಆಡಾಸಿಟಿ ಇವೆ. ಮೇಲೆ ತಗಡಿನ ಮಾಡು, ಮಳೆಗಾಲದಲ್ಲಿ ಸ್ಪೀಕರ್ ಹಾಕಿ ಪ್ರಯೋಜನ ಇಲ್ಲ. ಹೆಡ್‌ಫೋನೇ ಗತಿ.

ಕಾಳಿ ನದಿ (ಕಾರವಾರ)

ಆಟದೊಳಗೆ ಕೇಳಿದ್ದನ್ನೇ ಮುಂದಿಡಿ. ಆಲ್ಬಮ್‌ನಲ್ಲಿ ಇರುವುದು ಎಷ್ಟೋ ಸಲ ಆಟದಲ್ಲಿ ಕೇಳುವುದೇ ಅಲ್ಲ. ಆಲ್ಬಮ್ ಟ್ರ್ಯಾಕಿನಲ್ಲಿ ಲೂಪ್ (ಮತ್ತೆ ಮತ್ತೆ ತಿರುಗಿ ಬರುವ ತುಣುಕು) ಸಾಮಾನ್ಯವಾಗಿ ಎರಡು ಸುತ್ತು ಬಂದು ಮೆಲ್ಲಗೆ ಇಳಿದುಹೋಗುತ್ತದೆ. ಅದೇ ಒಂದೂವರೆ ನಿಮಿಷದ ಲೂಪು ನೀವು 20 ನಿಮಿಷ ಒದ್ದಾಡುವ ಹಂತದಲ್ಲಿ 13 ಸಲ ಕಿವಿಗೆ ಬೀಳುತ್ತದೆ. ಎರಡನೇ ಸುತ್ತಿಗೆ ಚೆಂದ ಕಂಡದ್ದು ಹತ್ತನೇ ಸುತ್ತಿಗೆ ತಲೆ ತಿನ್ನುತ್ತದೋ ಇಲ್ಲವೋ, ಅದೇ ಮೊದಲ ಪ್ರಶ್ನೆ. 2010ರ ರೆಡ್ ಡೆಡ್ ರಿಡೆಂಪ್ಶನ್ ನೋಡಿ. ಸಂಗೀತವನ್ನು 130 ಬಿಪಿಎಂ (ನಿಮಿಷಕ್ಕೆ 130 ಪೆಟ್ಟು) ವೇಗದಲ್ಲಿ, ಎ ಮೈನರ್ ಎಂಬ ಒಂದೇ ಸ್ವರಶ್ರೇಣಿಯಲ್ಲಿ ತುಂಡು ತುಂಡಾಗಿ ಧ್ವನಿಮುದ್ರಿಸಿಕೊಂಡಿದ್ದರು, ಯಾವ ತುಂಡಿನ ಮೇಲೆ ಯಾವುದು ಬಂದು ಕೂತರೂ ಹೊಂದಲಿ ಅಂತ. ಆಮೇಲೆ ಆ ತುಂಡುಗಳನ್ನು ಜೋಡಿಸಿ ಆಲ್ಬಮ್ ಮಾಡಿದ್ದು. ಆಲ್ಬಮ್ ಕೇಳಿ 'ಎಲ್ಲ ಒಂದೇ ಥರ' ಎಂದು ಬರೆದರೆ ಆ ಕೆಲಸದ ಅರ್ಧವೇ ಕಣ್ಣಿಗೆ ಬಿದ್ದಿಲ್ಲ ಎಂದಾಯಿತು.

ಪದ್ಧತಿ ಹೀಗೆ. ಮೊದಲ ಸಲ ಆಡುವಾಗ ಗೇಮಿನ ವಾಲ್ಯೂಮ್ ಸೆಟ್ಟಿಂಗ್ ಮುಟ್ಟಲೇಬೇಡಿ, ತಯಾರಕರು ಇಟ್ಟ ಮಿಕ್ಸ್ (ಸದ್ದುಗಳ ಪ್ರಮಾಣ) ಅದು. ಆದರೆ ವಿಂಡೋಸ್‌ನ ಲೌಡ್‌ನೆಸ್ ಈಕ್ವಲೈಸೇಶನ್ ಆಫ್ ಮಾಡಿ, ಇಲ್ಲದಿದ್ದರೆ ಸಣ್ಣ ದನಿ ದೊಡ್ಡದಾಗಿ ಎಲ್ಲ ಒಂದೇ ಮಟ್ಟಕ್ಕೆ ಬರುತ್ತದೆ, ಆಮೇಲೆ ನೀವು 'ಏರಿಳಿತ ಇಲ್ಲ' ಎಂದು ಸಂಗೀತಗಾರರನ್ನು ಬೈಯುತ್ತೀರಿ. ಗೇಮಿನಲ್ಲಿ ನೈಟ್ ಮೋಡ್ (ಸದ್ದಿನ ಏರಿಳಿತ ತಗ್ಗಿಸುವ ಆಯ್ಕೆ) ಇದ್ದರೆ ಅದೂ ಆಫ್. ಸ್ಟ್ರೀಮರ್ ಮೋಡ್ ಆನ್ ಇದೆಯೇ ಎಂದು ತಪ್ಪದೆ ನೋಡಿ. ಸೈಬರ್‌ಪಂಕ್ 2077 ಥರದ ಆಟಗಳಲ್ಲಿ ಕಾಪಿರೈಟ್ ಇರುವ ಹಾಡುಗಳನ್ನು ತೆಗೆದುಹಾಕುವ ಆಯ್ಕೆ ಇದೆ. ಅದು ಆನ್ ಇದ್ದರೆ ನೀವು ಕೇಳುತ್ತಿರುವುದು ಅಸಲು ಸಂಗೀತ ಅಲ್ಲ.

ಎರಡನೇ ಸುತ್ತಿಗೆ ನಾಲ್ಕು ಜಾಗ ಆರಿಸಿಕೊಳ್ಳಿ: ಮೆನು, ಮತ್ತೆ ಮತ್ತೆ ಬರುವ ಊರು, ಒಂದು ಸಾಮಾನ್ಯ ಕಾಳಗ, ಒಂದು ಬಾಸ್ (ಸೋಲಿಸಲು ಕಷ್ಟದ ದೊಡ್ಡ ಶತ್ರು). ಊರಿನಲ್ಲಿ ಏನೂ ಮಾಡದೆ 10 ನಿಮಿಷ ನಿಲ್ಲಿ. ಲೂಪಿನ ಕೊಂಡಿ ಎಲ್ಲಿ ಸೇರುತ್ತದೆ, ಅಲ್ಲಿ ಟಕ್ ಎನ್ನುತ್ತದೆಯೇ, ಹಿಂದಿನ ಸ್ವರದ ಗುಂಗು ಕತ್ತರಿಸಿದ ಹಾಗೆ ನಿಲ್ಲುತ್ತದೆಯೇ ಎಂದು ಗುರುತು ಹಾಕಿ. ಆಮೇಲೆ ಶತ್ರುವನ್ನು ಕೆಣಕಿ ಮೂರೇ ಸೆಕೆಂಡಿಗೆ ಓಡಿಬನ್ನಿ. ಕಾಳಗದ ಸಂಗೀತ ತಾಳ ನೋಡಿಕೊಂಡು ಒಳಗೆ ಬರುತ್ತದೋ, ಅರ್ಧಕ್ಕೆ ನುಗ್ಗುತ್ತದೋ? ಓಡಿಹೋದ ಮೇಲೂ ಅರ್ಧ ನಿಮಿಷ ಯುದ್ಧದ ಡೋಲು ಬಡಿಯುತ್ತಲೇ ಇರುತ್ತದೋ? ಕೆಟ್ಟ ಜೋಡಣೆ ಇಲ್ಲೇ ಸಿಕ್ಕಿಬೀಳುತ್ತದೆ, ಸಾಧಾರಣ ವೇಗದಲ್ಲಿ ಆಡುವವರಿಗೆ ಗೊತ್ತೇ ಆಗುವುದಿಲ್ಲ.

ಬಾಸ್ ಹತ್ತಿರ ಬೇಕೆಂದೇ ಸಾಯಿರಿ. ಪ್ರತಿ ಸಲ ಸಂಗೀತ ಮೊದಲಿಂದ ಶುರುವಾದರೆ ಸೋಲುವ ಆಟಗಾರ ಮೊದಲ 20 ಸೆಕೆಂಡನ್ನೇ ಐವತ್ತು ಸಲ ಕೇಳುತ್ತಾನೆ, ಬಾಕಿ ಸಂಯೋಜನೆ ಅವನ ಪಾಲಿಗೆ ಇಲ್ಲ. 2012ರ ಹಾಟ್‌ಲೈನ್ ಮಯಾಮಿಯಲ್ಲಿ ಸತ್ತರೂ ಟ್ರ್ಯಾಕ್ ನಿಲ್ಲುವುದಿಲ್ಲ. ಆ ಆಟದಲ್ಲಿ ಸೋಲು ಕಿರಿಕಿರಿ ಎನಿಸದೆ ಇರುವುದಕ್ಕೆ ಅರ್ಧ ಕಾರಣ ಅದೇ ಎನ್ನುವುದು ನನ್ನ ಅಭಿಪ್ರಾಯ.

ಓಬಿಎಸ್‌ನಲ್ಲಿ ಬೇರೆ ಬೇರೆ ಆಡಿಯೋ ಟ್ರ್ಯಾಕ್ ಇಟ್ಟರೆ ಸಂಗೀತ ಒಂದು ಕಡೆ, ಗುಂಡು, ಹೆಜ್ಜೆಯಂಥ ಸೌಂಡ್ ಎಫೆಕ್ಟ್ ಒಂದು ಕಡೆ ಬರುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಬರುವುದಿಲ್ಲ. ಗೇಮಿನಿಂದ ಹೊರಡುವಾಗಲೇ ಅವು ಬೆರೆತಿರುತ್ತವೆ. ಓಬಿಎಸ್ ಬೇರೆ ಮಾಡುವುದು ನಿಮ್ಮ ಮೈಕು, ಡಿಸ್ಕಾರ್ಡ್ ಆ್ಯಪಿನ ಮಾತುಕತೆ, ಗೇಮು, ಇಷ್ಟನ್ನೇ. ಸಂಗೀತ ಮಾತ್ರ ಬೇಕಿದ್ದರೆ ಗೇಮಿನ ಮೆನುವಿನಲ್ಲೇ ಎಫೆಕ್ಟ್, ಸಂಭಾಷಣೆ ಎರಡನ್ನೂ ಸೊನ್ನೆ ಮಾಡಿ ಇನ್ನೊಂದು ಸಲ ರೆಕಾರ್ಡ್ ಮಾಡಿ. ಎಂಕೆವಿ ಎಂಬ ವಿಡಿಯೋ ಫೈಲ್ ರೂಪದಲ್ಲೇ ಉಳಿಸಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳುವಂತಿಲ್ಲ, ಸಾಧಾರಣ ಎಂಪಿ4 ಆದರೆ ಅರ್ಧಕ್ಕೆ ನಿಂತ ಫೈಲ್ ತೆರೆಯುವುದೇ ಇಲ್ಲ. ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ.

ಎಂಟುಬಿಟ್ (ಕುಮಟಾ)

ಮೇಲಿನದು ಹೊಸ ಆಟಗಳಿಗೆ ಸರಿ. ಹಳೆಯದಕ್ಕೆ ಚಿಪ್ಪಿನ ಲೆಕ್ಕ ಗೊತ್ತಿಲ್ಲದೆ ಬರೆಯಬೇಡಿ, ಎರಡು ಪುಟ ಬರೆಯುವ ಆ ನಿಮ್ಮ ಮಿತ್ರರ ಪಕ್ಷ ನನ್ನದು.

ನಿಂಟೆಂಡೋದ ಹಳೆಯ ಗೇಮ್ ಯಂತ್ರ ಎನ್‌ಇಎಸ್‌ನಲ್ಲಿ ಇರುವುದು ಐದೇ ಚಾನೆಲ್: ಎರಡು ಪಲ್ಸ್, ಒಂದು ಟ್ರಯಾಂಗಲ್ (ಇವು ಧ್ವನಿ ಅಲೆಯ ಆಕಾರದ ಹೆಸರು), ಒಂದು ನಾಯ್ಸ್ (ಬುಸ್ ಎನ್ನುವ ಸದ್ದು), ಒಂದು ಸ್ಯಾಂಪಲ್ (ಮುದ್ರಿಸಿಟ್ಟ ಸದ್ದಿನ ತುಣುಕು). ಟ್ರಯಾಂಗಲ್‌ಗೆ ವಾಲ್ಯೂಮ್ ಕಂಟ್ರೋಲೇ ಇಲ್ಲ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಬೇಸ್ (ಕೆಳದನಿಯ) ಸಾಲನ್ನು ಹೆಚ್ಚಾಗಿ ಅದರಲ್ಲೇ ಕೂರಿಸುತ್ತಿದ್ದರು. 'ಬೇಸ್‌ನಲ್ಲಿ ಏರಿಳಿತ ಇಲ್ಲ, ಸಪ್ಪೆ' ಎಂದು ಬರೆದರೆ ದೋಷ ಯಾರದ್ದು? ಅದರ ಮೇಲೆ ಸೌಂಡ್ ಎಫೆಕ್ಟಿಗೂ ಇದೇ ಚಾನೆಲ್‌ಗಳು. 1985ರ ಸೂಪರ್ ಮಾರಿಯೋದಲ್ಲಿ ಹಾರಿದಾಗ ಆ ಸದ್ದು ಒಂದು ಪಲ್ಸನ್ನು ಕಿತ್ತುಕೊಳ್ಳುತ್ತದೆ, ಅಷ್ಟು ಹೊತ್ತು ಸಂಗೀತದ ಒಂದು ಸಾಲು ಬಾಯಿ ಮುಚ್ಚುತ್ತದೆ. ಒಂದು ದನಿ ಹೋದರೂ ಟ್ಯೂನ್ ಕೆಡದಂತೆ ಬರೆದಿದ್ದಾರೋ ಎನ್ನುವುದನ್ನೇ ಪರೀಕ್ಷಿಸಿ. ಒಂದು ಸಲ ಸುಮ್ಮನೆ ನಿಂತು ಕೇಳಿ, ಒಂದು ಸಲ ಹಾರುತ್ತಾ ಕೇಳಿ, ವ್ಯತ್ಯಾಸ ಬರೆಯಿರಿ.

ಅದರ ಮುಂದಿನ ಯಂತ್ರ ಸೂಪರ್ ನಿಂಟೆಂಡೋಗೆ 8 ಚಾನೆಲ್, ಆದರೆ ವಾದ್ಯಗಳ ಸ್ಯಾಂಪಲ್, ಸ್ವರಗಳ ಡೇಟಾ, ಪ್ರೋಗ್ರಾಂ, ಎಕೋ ಎಲ್ಲ ಸೇರಿ 64 ಕೆಬಿಯಲ್ಲಿ ಹಿಡಿಸಬೇಕು. ಎಕೋಗೆ ಪ್ರತಿ 16 ಮಿಲಿಸೆಕೆಂಡಿಗೆ 2 ಕೆಬಿ. 240 ಮಿಲಿಸೆಕೆಂಡಿನ ದೊಡ್ಡ ಎಕೋ ಇಟ್ಟರೆ 30 ಕೆಬಿ ಅಲ್ಲಿಗೇ ಹೋಯಿತು, ವಾದ್ಯಗಳು ಸಣ್ಣ ಸ್ಯಾಂಪಲ್‌ಗೆ ಇಳಿಯಲೇಬೇಕು. ಗುಹೆಯ ಗುಂಗು ಬೇಕೋ, ತುಂಬಿದ ಪಿಟೀಲು ಬೇಕೋ ಎಂಬ ಆಯ್ಕೆ ಅದು. ವಿಮರ್ಶೆ ಆ ಆಯ್ಕೆಯ ಬಗ್ಗೆ ಇರಲಿ. ಬರೀ ಸ್ಪೆಕ್ ಪಟ್ಟಿ ಕೊಟ್ಟು ಸುಮ್ಮನಾದರೆ ಓದುಗನಿಗೆ ಉಪಯೋಗ ಇಲ್ಲ, ಅದೂ ನಿಜ.

ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ) ಕೇಳುವವರು ಆಡಿಯೋ ಫಿಲ್ಟರ್, ಸ್ಟೀರಿಯೋ ಹಿಗ್ಗಿಸುವ ಆಯ್ಕೆ ಎಲ್ಲ ತೆಗೆಯಿರಿ. ಎನ್‌ಇಎಸ್ ಮೋನೋ ಯಂತ್ರ, ಎರಡೂ ಕಿವಿಗೆ ಒಂದೇ ಸದ್ದು.

ಮೂರನೇ ಕಾಲ (ಹೊನ್ನಾವರ)

ಆಲ್ಬಮ್ ಕೇಳುವವರನ್ನು ಪೂರಾ ಹೊರಗೆ ಹಾಕಬೇಡಿ ಮಾರಾಯ್ರೆ. ಬಯಲಾಟದಲ್ಲಿ ಭಾಗವತರು ವೇಷದ ಕಾಲು ನೋಡಿಕೊಂಡೇ ಪದ ಎತ್ತುತ್ತಾರೆ, ಕುಣಿತ ಮುಗಿಯದಿದ್ದರೆ ಅದೇ ಸಾಲು ಮತ್ತೆ ಬರುತ್ತದೆ. ಅದನ್ನೇ ಮನೆಯಲ್ಲಿ ರೆಕಾರ್ಡ್ ಹಾಕಿ ಕೇಳಿದರೆ ಈ ಸಾಲು ಯಾಕೆ ಇಷ್ಟು ಸಲ ಎಂದು ತಿಳಿಯುವುದಿಲ್ಲ. ಆದರೆ ರಾಗ ಎಲ್ಲಿ ಹೊರಳಿತು, ಮದ್ದಳೆ ಒಳಗೊಳಗೆ ಏನು ನುಡಿಯಿತು ಎನ್ನುವುದು ಮನೆಯಲ್ಲೇ ಚೆನ್ನಾಗಿ ಕೇಳಿಸುತ್ತದೆ. ಗೇಮಿಗೂ ಹಾಗೆಯೇ. ಗುಂಡಿನ ಸದ್ದಿನ ನಡುವೆ ಒಳದನಿಗಳನ್ನು ಹಿಡಿಯಲು ಆಗುವುದಿಲ್ಲ.

ಆದ್ದರಿಂದ ಆಲ್ಬಮ್ ಎರಡನೆಯದಾಗಿ ಬರಲಿ, ಆಟ ಮುಗಿದ ಮೇಲೆ. ಅಂಕ ಹಾಕುವುದಕ್ಕಲ್ಲ, ಟ್ಯೂನ್‌ಗಳ ಸಂಬಂಧ ಹುಡುಕುವುದಕ್ಕೆ. ಒಂದು ಟ್ಯೂನಿನ ಮೊದಲ ಐದಾರು ಸ್ವರ ಸರಿಗಮದಲ್ಲಿ ಬರೆದುಕೊಳ್ಳಿ, ಶ್ರುತಿ ಯಾವುದಾದರೂ ಇರಲಿ. ಅದೇ ಸ್ವರಗಳು ಇನ್ನೆಲ್ಲಿ ಬರುತ್ತವೆ, ಯಾವ ವಾದ್ಯದಲ್ಲಿ, ಯಾವ ವೇಗದಲ್ಲಿ ಎಂದು ಗೆರೆ ಎಳೆಯಿರಿ. 2015ರ ಅಂಡರ್‌ಟೇಲ್‌ಗೆ ಹೀಗೆ ಮಾಡಿದರೆ ಕೆಲವೇ ಟ್ಯೂನ್‌ಗಳು ವೇಷ ಬದಲಿಸಿ ಬರುವುದು ಕಾಣುತ್ತದೆ. 1998ರ ಬ್ಯಾಂಜೋ-ಕಝೂಯಿಯಲ್ಲಿ ಮಾಟಗಾತಿಯ ಕೋಟೆಯೊಳಗೆ ನೀವು ಯಾವ ಲೋಕದ ಬಾಗಿಲಿನ ಹತ್ತಿರ ಹೋಗುತ್ತೀರೋ ಅದಕ್ಕೆ ತಕ್ಕ ವಾದ್ಯಕ್ಕೆ ಅದೇ ಟ್ಯೂನ್ ಜಾರುತ್ತದೆ. ಟ್ಯೂನನ್ನು ಆಲ್ಬಮ್‌ನಲ್ಲಿ ಕಲಿತುಕೊಂಡರೆ ಆಟದಲ್ಲಿ ಅದು ಬದಲಾಗುವ ಜಾಗ ಕೂಡಲೇ ಕಿವಿಗೆ ಬೀಳುತ್ತದೆ.

ಇನ್ನೊಂದು. ಸಿತಾರ್, ಬಾನ್ಸುರಿ ಕೇಳಿದ ಕೂಡಲೇ 'ಭಾರತೀಯ ಸೊಗಡು' ಎಂದು ಬರೆದು ಮುಗಿಸುವುದು ನಮ್ಮಲ್ಲೇ ಹೆಚ್ಚು. ಸ್ವರದಿಂದ ಸ್ವರಕ್ಕೆ ಗಮಕ ಇದೆಯೋ, ಕೀಬೋರ್ಡಿನಲ್ಲಿ ಒತ್ತಿದ ಸ್ಯಾಂಪಲ್‌ನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇದೆಯೋ ಕೇಳಿ. ಒಂದೇ ಸ್ವರ ಎರಡು ಸಲ ಬಂದಾಗ ಎರಡೂ ಅಚ್ಚೊತ್ತಿದ ಹಾಗಿದ್ದರೆ ಅದು ಹೆಚ್ಚಾಗಿ ಸ್ಯಾಂಪಲ್.

ಮಲೆನಾಡ ಪಿಕ್ಸೆಲ್ (ಶಿರಸಿ)

ತುಂಬ ಉಪಕಾರ. ಎರಡು ಸಂಶಯ ಉಳಿಯಿತು. ಸಂಗೀತಕ್ಕೆ ಬೇರೆ ಅಂಕ ಕೊಡಬೇಕೇ? ಮತ್ತೆ ನಮ್ಮ ಓದುಗರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಆಡುವವರು, ಅದಕ್ಕೆ ಏನಾದರೂ ಬೇರೆ?

ಕಾಳಿ ನದಿ (ಕಾರವಾರ)

ಅಂಕ ಬೇಡ. ಕೊಡಲೇಬೇಕೆಂದರೆ ಎರಡು ಕೊಡಿ, ಸಂಯೋಜನೆಗೆ ಒಂದು, ಆಟದೊಳಗಿನ ಜೋಡಣೆಗೆ ಒಂದು. ಒಳ್ಳೆಯ ಟ್ಯೂನ್ ಕೆಟ್ಟದಾಗಿ ಜೋಡಣೆಯಾಗುವುದು ಮಾಮೂಲು, ಒಂದೇ ಅಂಕದಲ್ಲಿ ಅದು ಮುಚ್ಚಿಹೋಗುತ್ತದೆ.

ಮೂರನೇ ಕಾಲ (ಹೊನ್ನಾವರ)

ಎರಡು ಅಂಕ ಹಾಕಿದರೂ ಜನ ಕೂಡಿಸಿ ಎರಡರಿಂದ ಭಾಗಿಸುತ್ತಾರೆ. ಅಂಕದ ಬದಲು ರೆಕಾರ್ಡಿಂಗಿನ ಸಮಯ ಕೊಡಿ: '4:10ಕ್ಕೆ ಕೊಂಡಿ ಕೇಳಿಸುತ್ತದೆ' ಅಂತ.

ಎಂಟುಬಿಟ್ (ಕುಮಟಾ)

ಮೊಬೈಲ್‌ಗೆ: ಒಂದು ಸಲ ಫೋನಿನ ಸ್ಪೀಕರ್‌ನಲ್ಲೇ ಕೇಳಿ. ಅಷ್ಟು ಸಣ್ಣ ಸ್ಪೀಕರ್‌ನಲ್ಲಿ ಕೆಳಗಿನ ಬೇಸ್ ಬರುವುದೇ ಇಲ್ಲ. ತಾಳವನ್ನೆಲ್ಲ ಬೇಸ್ ಮೇಲೆ ಕೂರಿಸಿದ ಸಂಗೀತ ಅಲ್ಲಿ ಎದ್ದು ನಿಲ್ಲುವುದಿಲ್ಲ, ಅದು ಮೊಬೈಲ್ ಗೇಮಿಗೆ ನಿಜವಾದ ದೋಷ. ತಾಳದ ಆಟಗಳನ್ನು (ತಾಳಕ್ಕೆ ಸರಿಯಾಗಿ ಒತ್ತಬೇಕಾದವು) ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಕೇಳಿ ವಿಮರ್ಶಿಸಲೇಬೇಡಿ. ಬ್ಲೂಟೂತಿನಲ್ಲಿ ಸದ್ದು ಕಳಿಸುವ ಸಾಧಾರಣ ವಿಧಾನವಾದ ಎಸ್‌ಬಿಸಿ ಕೋಡೆಕ್‌ನಲ್ಲಿ ಅದು 150–250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 120 ಬಿಪಿಎಂನಲ್ಲಿ ಒಂದು ಪೆಟ್ಟಿಗೆ 500 ಮಿಲಿಸೆಕೆಂಡ್, ಅಂದರೆ ಅರ್ಧ ಪೆಟ್ಟಿನವರೆಗೂ ತಪ್ಪುತ್ತದೆ. ವೈರಿನ ಇಯರ್‌ಫೋನ್ ಹಾಕಿ. ಜ್ಯಾಕ್ ಇಲ್ಲದ ಫೋನಿಗೆ ಟೈಪ್-ಸಿ ಅಡಾಪ್ಟರ್ ಸಾಕು. ಆಮೇಲೆ ಗೇಮಿನ ಕ್ಯಾಲಿಬ್ರೇಶನ್ (ಸದ್ದಿನ ತಡಕ್ಕೆ ತಕ್ಕ ಹೊಂದಾಣಿಕೆ) ಹೊಸದಾಗಿ ಮಾಡಿಕೊಳ್ಳಿ, ಬ್ಲೂಟೂತಿಗೆ ಇಟ್ಟ ಹಳೆಯ ಸಂಖ್ಯೆ ಉಳಿದಿದ್ದರೆ ಅಷ್ಟೇ ತಪ್ಪು ಈಗ ಉಲ್ಟಾ ದಿಕ್ಕಿಗೆ ಬರುತ್ತದೆ.