ಬಯೋಡೈವರ್ಸಿಟಿ ಹೆಂಗೆ ಬಿಡಿಸೋದು ಅಂತ ಕೇಳಿದ್ಯಲ್ಲ ತಂಗಿ

ತಂಗೀ, ನಿನ್ನ ಆಡಿಯೋ ಎರಡ್ ಸಲ ಕೇಳ್ದೆ. ಕಾಡು ಕಡಿಯೋದು ತಡೆಯೋಕೆ ನಡೆದ ಅಪ್ಪಿಕೋ ಚಳುವಳಿ ಮೇಲೆ ಭಾಷಣ, ಶಿರಸಿ ಹತ್ರದ ಸಾಲ್ಕಣಿಯವ್ರು 1983ರಲ್ಲಿ ಮರ ತಬ್ಬಿ ನಿಂತಿದ್ದು, ಎಲ್ಲ ಚೆಂದ ಬರ್ದಿದ್ದೀಯ, ಆದ್ರೆ ಬಯೋಡೈವರ್ಸಿಟಿ, ಅಂದ್ರೆ ಜೀವವೈವಿಧ್ಯ, ಅನ್ನೋ ಇಂಗ್ಲಿಷ್ ಶಬ್ದ ಬಂತು ಅಂದ್ರೆ ಉಸಿರು ಕಟ್ಟಿದಂಗೆ ಓಡಿಸಿಬಿಡ್ತೀಯ. ಎಲ್ಲಿ ತುಂಡು ಮಾಡೋದು ಎಲ್ಲಿ ಒತ್ತೋದು ಅಂತ ಕೇಳಿದ್ಯಲ್ಲ, ಹೇಳ್ತೆ ಕೇಳು.

ಮೊದ್ಲು ಸ್ಪೆಲಿಂಗ್ ನೋಡೋದು ಬಿಡು. ಅಂಗೈನ ಗದ್ದದ ಕೆಳಗೆ ಇಟ್ಕೊಂಡು ನಿಧಾನ ಹೇಳು, ಬೈ, ಓ, ಡೈ, ವರ್, ಸಿ, ಟಿ. ಗದ್ದ ಕೆಳಗೆ ಹೋಗಿ ಕೈಗೆ ತಾಗ್ತಾ ಹೋಗ್ತದೆ, ಕೊನೆ ಸಿ, ಟಿಗೆ ಅಷ್ಟು ಗೊತ್ತಾಗೋದಿಲ್ಲ, ಅಲ್ಲಿ ಕಿವೀಲಿ ಎಣಿಸು. ಒಟ್ಟು ಆರು ಸಿಲೆಬಲ್, ಅಂದ್ರೆ ಬಾಯಲ್ಲಿ ಒಂದೇ ಸಲಕ್ಕೆ ಬರೋ ಶಬ್ದದ ತುಂಡು. ನೋಡು, ನಾವು ಬರೆಯೋವಾಗ ರ-ಕಾರ ಮುಂದಿನ ಸಿ ಜೊತೆ ಸೇರ್ತದೆ, ಬಾಯಲ್ಲಿ ಮಾತ್ರ ಅದು ವ-ಕ್ಕೇ ಅಂಟ್ಕೊಳ್ತದೆ, ಕನ್ನಡ ಕ್ಲಾಸಲ್ಲಿ ಪ್ರಸ್ತಾರ ಹಾಕೋವಾಗ ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತೀರಲ್ಲ, ಅದೇ ಲೆಕ್ಕ.

ಈಗ ಒತ್ತು, ಒತ್ತಕ್ಷರದ ಒತ್ತಲ್ಲ ಮತ್ತೆ, ದನಿಯ ಒತ್ತು. ನಾವು ಕನ್ನಡದವ್ರು ಎಲ್ಲಾ ಅಕ್ಷರಕ್ಕೂ ಹೆಚ್ಚುಕಮ್ಮಿ ಒಂದೇ ತೂಕ ಕೊಡ್ತೀವಿ, ಇಂಗ್ಲಿಷಲ್ಲಿ ಒಂದರ ಮೇಲೆ ಭಾರ ಹಾಕಿ ಉಳಿದದ್ದನ್ನ ಸಡಿಲ ಬಿಡ್ತಾರೆ. ಇಲ್ಲಿ ಭಾರ ವರ್ ಮೇಲೆ, ಅಲ್ಲಿ ದನಿ ಸ್ವಲ್ಪ ಏರ್ಲಿ, ಸ್ವಲ್ಪ ಎಳಿ. ಬೈ ಮೇಲೆ ಸಣ್ಣ ಒತ್ತು ಸಾಕು. ಸಿ ಟಿ ಎರಡೂ ಹಗೂರ, ನೀನು ಆ ಕೊನೆ ಟಿಯನ್ನೇ ಗುದ್ದಿ ಹೇಳ್ತಾ ಇದ್ದೀಯ, ಅದಕ್ಕೇ ಕೇಳೋವ್ರಿಗೆ ಸಿಟಿ ಅನ್ನೋದೊಂದೇ ಕೇಳ್ತದೆ, ಊರು ಪಟ್ಟಣದ ಸಿಟಿ ಅನ್ನಿಸ್ತದೆ.

ಇದೊಂದು ನೆನಪಿಟ್ಕೋ, ಇಟಿ, ಶನ್ ಅಂತ ಮುಗಿಯೋ ಶಬ್ದಕ್ಕೆ ಒತ್ತು ಅದರ ಹಿಂದಿನ ಸಿಲೆಬಲ್ ಮೇಲೇ ಬೀಳೋದು. ನಿನ್ನ ಎರಡನೇ ಪ್ಯಾರಾದಲ್ಲಿ ಕನ್ಸರ್ವೇಶನ್ ಇದೆ, ಅಲ್ಲಿ ವೇ ಮೇಲೆ. ಇಕ್ ಅಂತ ಮುಗಿಯೋದಕ್ಕೂ ಹೆಚ್ಚಾಗಿ ಹಂಗೇ, ಪಾಲಿಟಿಕ್ಸ್ ಥರ ಕೆಲವು ಮಾತ್ರ ಬೇರೆ. ಹಾಂ, ಎನ್ವಿರಾನ್ಮೆಂಟ್ ಅಂದಾಗ ಒತ್ತು ವಿ ಮೇಲೆ, ನೀನು ಎನ್ ಮೇಲೆ ಹಾಕಿದ್ದೀಯ, ಅದೇ ಎನ್ವಿರಾನ್ಮೆಂಟಲ್ ಅಂದ ತಕ್ಷಣ ಒತ್ತು ಮೆನ್‌ಗೆ ಜಾರ್ತದೆ. ಸಂಶಯ ಬಂದ್ರೆ ಡಿಕ್ಷನರಿಯ ಉಚ್ಚಾರಣೆ ನೋಡು, ಮೇಲ್ಗಡೆ ಪುಟ್ಟ ಗೀಟು ಇರ್ತದಲ್ಲ, ಅದರ ಮುಂದೆ ಬರೋ ಸಿಲೆಬಲ್ಲೇ ಒತ್ತಿಂದು.

ರಾತ್ರಿ ಊಟ ಆದ್ಮೇಲೆ ಆ ಒಂದು ಸಾಲು ಮಾತ್ರ ಹೇಳಿ ಕಳ್ಸು, ಪೂರ್ತಿ ಭಾಷಣ ಬೇಡ, ವರ್ ಹತ್ರ ಏನ್ ಮಾಡಿದ್ದೀಯ ಕೇಳ್ತೆ.